ಕದ್ದು ಕುಡಿದ ನೀರು

ಕಳ್ಳತನ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ವಯಸ್ಸು ಬರಬೇಕಾಗುತ್ತದೆ. ನನಗೆ ಬಂದಿದೆ ಎಂದುಕೊಂಡು ಹೇಳುತ್ತಿದ್ದೇನೆ. ನಾನು ಕದ್ದದ್ದು ಬಂಗಾರವಲ್ಲ, ಬೆಳ್ಳಿಯಲ್ಲ. ಕಚೇರಿಯ ಪೆನ್ನು, ಗುಂಡುಸೂಜಿಗಳನ್ನು ನಾನು ಕಳವು ಎಂದು ತಿಳಿಯುವುದಿಲ್ಲ. ಅವು ತಾವಾಗಿಯೇ ಚೀಲದೊಳಗೆ ಬಂದು ಸೇರುತ್ತವೆ. ನಾನು ಕದ್ದದ್ದು ನೀರು. ಅದೂ ನನ್ನದೇ ಮನೆಯಲ್ಲಿ, ನನ್ನದೇ ನಳದ ನೀರು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಸರಕಾರಿ ನೌಕರಿಯವಳು, ಬಚ್ಚಲ ಬಾಗಿಲಿನ ಚಿಲಕ ಹಾಕಿಕೊಂಡು, ಸಪ್ಪಳವಾಗದಂತೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದೆ. ಇದು ಒಂದು ದಿನದ ಮಾತಲ್ಲ. ಒಂದು ವಾರಕ್ಕೂ ಹೆಚ್ಚು ನಡೆಯಿತು.

ಹೆಂಗಸು ಬಸುರಿಯಾಗಿದ್ದಾಗ ಜಗತ್ತು ಅವಳನ್ನು ಕೇಳಿ ನಡೆಯುತ್ತದೆ. ಏನು ತಿನ್ನಬೇಕೆನಿಸುತ್ತದೆ, ಎಲ್ಲಿ ಕೂತರೆ ಗಾಳಿ ಬರುತ್ತದೆ, ಕಾಲು ಬಾತಿವೆಯೇ ಎಂದು ಬಸ್ಸಿನ ಕಂಡಕ್ಟರ್ ಕೂಡ ವಿಚಾರಿಸುತ್ತಾನೆ. ಹೆತ್ತ ಮರುದಿನದಿಂದ ಅದೆಲ್ಲ ಮುಗಿಯುತ್ತದೆ. ಬಂದವರು ಚಪ್ಪಲಿ ಬಿಟ್ಟು ನೇರ ಕೂಸಿನ ಹತ್ತಿರ ಹೋಗುತ್ತಾರೆ. ನಾವೋ, ಸಾಮಾನು ತೆಗೆದುಕೊಂಡ ಮೇಲೆ ಮೂಲೆಯಲ್ಲಿ ಉಳಿಯುವ ರಟ್ಟಿನ ಡಬ್ಬಿ. ಯಾರಾದರೂ ನಮ್ಮ ಕಡೆ ತಿರುಗಿದರೆ ಅದು ಹೇಗಿದ್ದೀ ಎಂದು ಕೇಳುವುದಕ್ಕಲ್ಲ, ಏನು ಮಾಡಬಾರದು ಎಂದು ಹೇಳುವುದಕ್ಕೆ.

ಆಗ ನಾವು ಪರ್ವರಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಎರಡು ಸಾವಿರದ ಆರನೆಯ ಇಸವಿ. ನನ್ನ ಕಚೇರಿ ಪಣಜಿಯಲ್ಲಿ, ಒಂದು ಸೇತುವೆ ದಾಟಿದರೆ ಬಂತು. ನಮ್ಮ ಮನೆಯವರ ಕಾರ್ಖಾನೆ ಸಾಂಕೋಲೆಯಲ್ಲಿ, ಅವರಿಗೆ ಎರಡು ಸೇತುವೆ. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ, ಅಂದರೆ ಧಾರವಾಡದಲ್ಲಿ ಆಗಬೇಕಿತ್ತು. ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರಿದ್ದರಿಂದ ಡಾಕ್ಟರಮ್ಮ ಘಟ್ಟದ ರಸ್ತೆಯ ಹೆಸರೇ ಎತ್ತಬೇಡಿ ಎಂದುಬಿಟ್ಟರು. ಹಾಗಾಗಿ ತವರೇ ನನ್ನ ಮನೆಗೆ ಬಂತು. ಅಪ್ಪನನ್ನು ತಮ್ಮನ ಮನೆಯಲ್ಲಿ ಬಿಟ್ಟು ಅವ್ವ ಬಸ್ಸು ಹತ್ತಿದಳು. ಜೊತೆಗೆ ಎರಡು ಗೋಣಿಚೀಲ, ಒಂದು ಸ್ಟೀಲಿನ ಡಬ್ಬಿಯ ತುಂಬ ಅಂಟಿನ ಉಂಡಿ, ಒಣ ಖಾರ, ಬೆಳ್ಳುಳ್ಳಿಯ ಗೊಂಚಲು, ಹಳೆಯ ಸೀರೆಗಳ ಗಂಟು, ಕಬ್ಬಿಣದ ಒಂದು ಅಗ್ಗಿಷ್ಟಿಗೆ. ಬಸ್ಸಿನವನು, "ಅಮ್ಮಾರ, ಮನಿ ಖಾಲಿ ಮಾಡ್ಕೊಂಡು ಹೊಂಟೀರೇನ್ರಿ" ಎಂದು ಕೇಳಿದನಂತೆ. ಅವ್ವನಿಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಹಗ್ಗದ ಹೊರಸನ್ನು ಅವನು ಹಾಕಿಕೊಳ್ಳಲಿಲ್ಲ ಎಂಬ ಸಿಟ್ಟೇ ಅವಳಿಗೆ ದೊಡ್ಡದಾಗಿತ್ತು.

ಏಪ್ರಿಲ್ ಮಧ್ಯದಲ್ಲಿ ಹೆಣ್ಣು ಕೂಸು ಹುಟ್ಟಿತು. ಎರಡನೆಯ ದಿನವೇ, ಆಸ್ಪತ್ರೆಯ ಕಾಟಿನ ಮೇಲೆಯೇ, ಅವ್ವ ಅದರ ಕಿವಿಯಲ್ಲಿ "ಗೌರಿ, ಗೌರಿ, ಗೌರಿ" ಎಂದು ಮೂರು ಸಲ ಕರೆದಳು. ನಮ್ಮ ಮನೆಯವರು ಬೆರಗಾಗಿ, "ಅತ್ತೀ, ಹನ್ನೆರಡನೇ ದಿನ ಅಲ್ಲೇನ್ರಿ ಹೆಸರಿಡೂದು" ಎಂದರು. "ಆವಾಗ ನಿಮಗ ಬೇಕಾದ್ದು ಇಡ್ರಿ. ಅಲ್ಲೀತನಾ ಕೂಸು ಹೆಸರಿಲ್ದ ಇರಬಾರದು" ಎಂದಳು. ಧಾರವಾಡದ ಕಡೆ ಹಾಗೊಂದು ಪದ್ಧತಿ ಇರಬಹುದು ಎಂದು ಅವರು ತಲೆಯಾಡಿಸಿದರು. ಅಂಥ ಪದ್ಧತಿ ಇಲ್ಲವೆಂದು ನನಗೆ ಗೊತ್ತಿತ್ತು. ಆದರೆ ನನಗಾಗ ನಿದ್ದೆ ಬಂದಿತ್ತು.

ಮನೆಗೆ ಬಂದ ಮೇಲೆ ಕಾಯ್ದೆಗಳು ಜಾರಿಯಾದವು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಗೆ ಸ್ವೆಟರು, ಕಾಲಿಗೆ ಕಾಲುಚೀಲ. ಫ್ಯಾನು ಬಂದ್. ಗೋವೆಯ ಏಪ್ರಿಲ್ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಸುಮ್ಮನೆ ಕೂತವರ ಮೈಯೂ ಒದ್ದೆ ಬಟ್ಟೆಯಂತೆ ಜಿಬಿಜಿಬಿ ಎನ್ನುತ್ತಿರುತ್ತದೆ. ಅಂಥದರಲ್ಲಿ ನನ್ನ ಮಂಚದ ಕೆಳಗೆ ಅಗ್ಗಿಷ್ಟಿಗೆ. ಅದಕ್ಕೆ ಇದ್ದಿಲು ಹುಡುಕಿಕೊಂಡು ನಮ್ಮ ಮನೆಯವರು ಪರ್ವರಿಯೆಲ್ಲ ತಿರುಗಿ, ಕೊನೆಗೆ ಕಲಂಗುಟ್ ಕಡೆಯ ಹೋಟೆಲಿಗೆ ಮೀನು ಸುಡಲು ಇದ್ದಿಲು ಹಾಕುವವನ ಹತ್ತಿರ ಒಂದು ಚೀಲ ತಂದರು. ಅವ್ವನಿಗೆ ಇಸ್ತ್ರಿಯವನು ಕೊಟ್ಟ ಎಂದು ಹೇಳಿದರು. ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. "ಚಲೋ ಇದ್ದಿಲು ಅದಾವ, ಇಸ್ತ್ರಿ ಅಂವಗ ನನ್ನ ಹೆಸರು ಹೇಳಿ ಇನ್ನೊಂದು ಚೀಲ ತರ್ರಿ" ಎಂದು ಅವ್ವ ಹೊಗಳಿದಳು. ಮೊದಲ ದಿನ ಲೋಬಾನದ ಹೊಗೆ ಕಿಟಕಿಯಿಂದ ಹೊರಗೆ ಹೋದದ್ದೇ ತಡ, ಕೆಳಗಿನ ಮನೆಯ ಮಾರಿಯಾ ಆಂಟಿ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಓಡಿ ಬಂದಿದ್ದರು. ಬೆಂಕಿ ಬಿದ್ದಿಲ್ಲ ಎಂದು ತಿಳಿದ ಮೇಲೆ ಒಳಗೆ ಬಂದು ಕೂತು, ನನ್ನ ಅವತಾರ ನೋಡಿ, ಹಾಲು ಚೆನ್ನಾಗಿ ಬರಬೇಕಾದರೆ ದಿನಾ ಅರ್ಧ ಗ್ಲಾಸು ಬಿಯರ್ ಕುಡಿಯಬೇಕು, ನನ್ನ ಮೂರು ಮಕ್ಕಳಿಗೂ ಹಾಗೇ ಮಾಡಿದ್ದೆ ಎಂದು ಹಿಂದಿಯಲ್ಲಿ ಹೇಳಿದರು. "ಏನಂತಾರ ಅವರು" ಎಂದು ಅವ್ವ ಕೇಳಿದಳು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನಾನು, "ಜವೆಗೋಧಿ ಗಂಜಿ ಚಲೋ ಅಂತಾರವ್ವ" ಎಂದೆ. ಬಹಳ ಸುಳ್ಳೇನಲ್ಲ, ಬಿಯರು ಆಗುವುದೂ ಅದರಿಂದಲೇ. "ತಿಳದ ಹೆಣಮಗಳು" ಎಂದು ಅವ್ವ ಮೆಚ್ಚಿಕೊಂಡಳು.

ಇದೆಲ್ಲ ತಡೆದುಕೊಂಡೆ. ತಡೆಯದೇ ಹೋದದ್ದು ನೀರಿನ ಕಾಯ್ದೆ. ದಿನಕ್ಕೆ ಎರಡು ಸಣ್ಣ ಲೋಟ, ಅದೂ ಅಜವಾನ ಮತ್ತು ಒಣಶುಂಠಿ ಹಾಕಿ ಕುದಿಸಿ ಅರ್ಧಕ್ಕೆ ಇಳಿಸಿದ್ದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಂಟ ಹಿಡಿಯುತ್ತದೆ, ಅರವತ್ತು ವರ್ಷಕ್ಕೆ ಮೊಣಕಾಲು ಹೋಗುತ್ತವೆ, ಕೂಸಿಗೆ ಥಂಡಿ ಹತ್ತುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಮೊದಲ ಮೂರನ್ನು ಪಾಠ ಒಪ್ಪಿಸಿದಂತೆ ಹೇಳುವಳು. ನಾಲ್ಕನೆಯದಕ್ಕೆ ಬಂದಾಗ ದನಿ ಇಳಿಯುತ್ತಿತ್ತು. ನಾನು ಅದನ್ನು ಗಮನಿಸಿದೆನೇ ಹೊರತು ಯಾಕೆ ಎಂದು ಕೇಳಲಿಲ್ಲ.

ಒಂದು ಮಧ್ಯಾಹ್ನ, "ಅವ್ವಾ, ಒಂದ ಗುಟುಕು ತಣ್ಣೀರು" ಎಂದು ಬೇಡಿದೆ. ಅವ್ವ ಕೂಸಿನ ಬಟ್ಟೆ ಮಡಚುತ್ತ, "ಬಾಣಂತಿ ಮೈ ಅಂದ್ರ ಹಸೀ ಗ್ವಾಡಿ ಇದ್ದಂಗ. ಹಸೀ ಗ್ವಾಡಿಗೆ ಯಾರರ ನೀರು ಗೊಜ್ಜತಾರೇನು" ಎಂದಳು.

ಅಲ್ಲೇ ನೆಲ ಒರೆಸುತ್ತಿದ್ದ ರೇಣವ್ವ ತಲೆ ಎತ್ತಿದಳು. ರೇಣವ್ವ ಬಾದಾಮಿ ಕಡೆಯವಳು. ಗಂಡ ನಮ್ಮ ಎದುರಿನ ಕಟ್ಟಡದಲ್ಲಿ ಗೌಂಡಿ, ಇವಳು ನಾಲ್ಕು ಮನೆಗಳಲ್ಲಿ ಮುಸುರೆ, ನೆಲ ಮಾಡುತ್ತಿದ್ದಳು. "ಗೊಜ್ಜತಾರ್ರಿ ಅಮ್ಮಾರ" ಎಂದಳು ಬಹಳ ಮರ್ಯಾದೆಯಿಂದ. "ಸಿಮೆಂಟಿನ ಗ್ವಾಡಿಗೆ ದಿನಾ ಎರಡ ಹೊತ್ತು ನೀರು ಹೊಡೀಲಿಲ್ಲಂದ್ರ ಬಿರುಕ ಬಿಡತೈತ್ರಿ. ನಮ್ಮ ಮನ್ಯಾಂವ ಅದ ಕೆಲಸ ಮಾಡಾಕತ್ತಾನ್ರಿ ಅಲ್ಲಿ."

ಅವ್ವ ಬಟ್ಟೆಯ ಗಂಟು ಎತ್ತಿಕೊಂಡು ಒಳಗೆ ಹೋದಳು. ನನಗೆ ಆ ಗಳಿಗೆಯಲ್ಲಿ ರೇಣವ್ವ ನನ್ನ ಕಡೆಯ ವಕೀಲಳಂತೆ ಕಂಡಳು.

ಅದಕ್ಕೂ ಮೊದಲು ನಮ್ಮ ಮನೆಯವರ ಮೇಲೆ ನಂಬಿಕೆ ಇಟ್ಟು ನೋಡಿದ್ದೆ. ಒಂದು ಸಂಜೆ ಕಿವಿಯಲ್ಲಿ ಹೇಳಿ ಕಳಿಸಿದ್ದಕ್ಕೆ ಅವರು ಒಂದು ದೊಡ್ಡ ಲೋಟದ ತುಂಬ ತಣ್ಣೀರು ಹಿಡಿದುಕೊಂಡು, ಬೆಕ್ಕಿನ ಹೆಜ್ಜೆ ಇಡುತ್ತ ಬಾಗಿಲವರೆಗೆ ಬಂದರು. ಹಿಂದಿನಿಂದ ಅವ್ವ, "ಅಳಿಯಂದ್ರ, ನೀರಡಿಸೇತೇನ್ರಿ, ಹೇಳಿದ್ರ ನಾನ ಕೊಡತಿದ್ದೆ" ಎಂದಳು. ಅವರು "ಹೌದ್ರಿ, ಭಾಳ ನೀರಡಿಸಿತ್ತು" ಎನ್ನುತ್ತ, ನನ್ನ ಕಣ್ಣೆದುರಿಗೇ, ನಿಂತಲ್ಲೇ ಅಷ್ಟನ್ನೂ ಕುಡಿದುಬಿಟ್ಟರು. ಕೊನೆಯ ಗುಟುಕಿಗೆ ತೃಪ್ತಿಯಿಂದ ಹಾ ಎಂದರು ಕೂಡ. ಆ ಒಂದು ಹಾ ನಾನು ಇಂದಿಗೂ ಮರೆತಿಲ್ಲ, ಜಗಳ ಬಂದಾಗಲೆಲ್ಲ ಎತ್ತಿ ಆಡುತ್ತೇನೆ.

ಬಚ್ಚಲ ನಳ ತಿರುಗಿಸಿದರೆ ಸಪ್ಪಳ ಅವ್ವನಿಗೆ ಕೇಳುತ್ತಿತ್ತು, ಹೀಗಾಗಿ ಕೆಲಸ ರೇಣವ್ವನ ಕೈಗೆ ಹೋಯಿತು. ಅವಳಿಗೆ ನಾನು ಬಾಯಿ ಬಿಟ್ಟು ಹೇಳಲೇ ಇಲ್ಲ. ಅವಳೇ ಒಂದು ದಿನ ಕೂಸಿನ ಒಗೆದ ಬಟ್ಟೆಗಳ ಬಕೆಟ್ಟು ಬಚ್ಚಲಲ್ಲಿಟ್ಟು, "ಅಕ್ಕಾರ, ಬಟ್ಟಿ ಕೆಳಗ ಒಂದ ತಂಬಿಗಿ ಐತ್ರಿ. ಮುಚ್ಚಳಾ ಹಾಕೇನಿ" ಎಂದು ಗೋಡೆಗೆ ಹೇಳಿದಂತೆ ಹೇಳಿ ಹೋದಳು. ಅಂದು ಕುಡಿದ ನೀರಿನ ರುಚಿಯನ್ನು ಬರೆದು ತೋರಿಸುವುದು ನನ್ನಿಂದಾಗದು. ಮರುದಿನ ಅವಳೊಡನೆ ಮಾತಿಗೆ ಕೂತಾಗ, "ನಿನ್ನ ಬಾಣಂತನದಾಗ ನೀರು ಕುಡದಿದ್ದೇನು" ಎಂದು ಕೇಳಿದೆ. "ಯಾವ ಬಾಣಂತನಾ ಬಂತ್ರಿ ಅಕ್ಕಾರ. ಹಡೆದು ಹದಿನೈದ ದಿನಕ್ಕ ಉಸುಕು ಹೊತ್ತೇನಿ. ಟ್ಯಾಂಕರಿನ ನಳಕ್ಕ ಬಾಯಿ ಹಚ್ಚಿ ಕುಡೀತಿದ್ದೆ. ನಿಮಗ ಬ್ಯಾಡನ್ನಾಕ ಒಬ್ರು ಅದಾರ. ನನಗ ಬ್ಯಾಡನ್ನವರು ಸೈತ ಇದ್ದಿದ್ದಿಲ್ಲ" ಎಂದಳು. ಅವಳು ಅದನ್ನು ದುಃಖದಿಂದ ಹೇಳಲಿಲ್ಲ. ಆದರೂ ನನಗೆ ಕೈಯಲ್ಲಿದ್ದ ಅಂಟಿನ ಉಂಡಿ ಬಾಯಿಗೆ ಹೋಗಲಿಲ್ಲ. ಅರ್ಧ ಮುರಿದು ಅವಳಿಗೆ ಕೊಟ್ಟೆ. ಅಂದಿನಿಂದ ಡಬ್ಬಿಯ ಉಂಡಿಗಳು ಬೇಗ ಬೇಗ ಕಡಿಮೆಯಾಗತೊಡಗಿದವು. ಅವ್ವನಿಗೆ ನಾನು ಚೆನ್ನಾಗಿ ತಿನ್ನುತ್ತಿದ್ದೇನೆ ಎಂದು ಸಂತೋಷ.

ಇಷ್ಟರ ನಡುವೆ ಕೂಸು ಅಳುತ್ತಿತ್ತು. ಎಲ್ಲ ಕೂಸುಗಳೂ ಅಳುತ್ತವೆ, ನನಗೆ ಗೊತ್ತಿತ್ತು. ನನಗೆ ಎಲ್ಲವೂ ಗೊತ್ತಿತ್ತು, ಯಾಕೆಂದರೆ ನಾನು ಒಂದು ಪುಸ್ತಕ ಓದಿದ್ದೆ. ಕಚೇರಿಯ ಗೆಳತಿಯೊಬ್ಬಳು ಕೊಟ್ಟದ್ದು, ಇಂಗ್ಲಿಷಿನದು, ಹೊದಿಕೆಯ ಮೇಲೆ ನಗುವ ಕೆಂಪು ಕೂಸಿನ ಚಿತ್ರ. ಅದರಲ್ಲಿ ಕೂಸಿಗೆ ಶಿಸ್ತು ಕಲಿಸಬೇಕು, ನಾಲ್ಕು ತಾಸಿಗೊಮ್ಮೆ ಮಾತ್ರ ಹಾಲು ಕೊಡಬೇಕು ಎಂದಿತ್ತು. ನಾನು ಸ್ಕೇಲು ಹಿಡಿದು ಗೆರೆ ಎಳೆದು, ವೇಳಾಪಟ್ಟಿ ಬರೆದು, ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೆ. ಆರು, ಹತ್ತು, ಎರಡು, ಮತ್ತೆ ಆರು, ಮತ್ತೆ ಹತ್ತು. ಹನ್ನೆರಡಕ್ಕೆ ಅತ್ತರೆ, ಎರಡಾಗಲಿ ಎಂದು ತೂಗುತ್ತ ಕೂರುತ್ತಿದ್ದೆ. ಅವ್ವ, "ಅತ್ತಾಗ ಹಾಲು ಕೊಡವಾ, ಹಸಿವಿಗೆ ಗಡಿಯಾರ ತಿಳೀತೈತೇನು" ಎಂದರೆ, "ಅವ್ವಾ, ಇದು ಶಾಸ್ತ್ರೀಯ ಪದ್ಧತಿ, ನಿನಗೆ ತಿಳಿಯೂದಿಲ್ಲ" ಎನ್ನುತ್ತಿದ್ದೆ. ಅವಳು ನೀರಿಗೆ ಕಾವಲು, ನಾನು ಹಾಲಿಗೆ ಕಾವಲು. ನಡುವೆ ಆ ಎರಡೂ ಸಾಲದೆ ಒದ್ದಾಡುತ್ತಿದ್ದವಳು, ಹನ್ನೆರಡನೆಯ ದಿನವೂ ಅದೇ ಹೆಸರು ಉಳಿಸಿಕೊಂಡ, ಹದಿಮೂರು ದಿನದ ಗೌರಿ.

ಹದಿಮೂರನೆಯ ದಿನ ತೂಕ ಹಾಕಿಸಲು ಹೋದೆವು. ಡಾಕ್ಟರಮ್ಮ ಅಂದು ರಜೆ. ನರ್ಸು ತೂಕ ಹಾಕಿ, ಚೀಟಿ ನೋಡಿ, ಇನ್ನೊಮ್ಮೆ ಹಾಕಿದಳು. ಹುಟ್ಟಿದಾಗ ಇದ್ದುದಕ್ಕಿಂತ ಕಡಿಮೆ. "ಎರಡು ದಿನ ಬಿಟ್ಟು ಡಾಕ್ಟರ್ ಇದ್ದಾಗ ಬನ್ನಿ" ಎಂದಳು. ಮನೆಗೆ ಬಂದವಳೇ ಅವ್ವ ಕೂಸಿನ ಬಟ್ಟೆ ತರಲು ಬಚ್ಚಲಿಗೆ ಹೋದಳು. ತಂಬಿಗೆ ಕೈಗೆ ಸಿಕ್ಕಿತು.

ಅವಳು ಬೈದಿದ್ದರೆ ಚೆನ್ನಾಗಿತ್ತು. ತಂಬಿಗೆಯನ್ನು ತಂದು ನನ್ನ ಮುಂದಿಟ್ಟು, "ಎಷ್ಟ ದಿನಾ ಆತು" ಎಂದಷ್ಟೇ ಕೇಳಿದಳು. ಕದ್ದು ಸಿಕ್ಕಿಬಿದ್ದವರಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. "ನಿನ್ನ ಕಾಯ್ದೆದಿಂದ ನನಗ ಹಾಲು ಬರವಲ್ದು. ನನ್ನ ಕೂಸು ಸೊರಗಾಕತ್ತೇತಿ. ಏನರ ಆದ್ರ ನೀನ ಕಾರಣ" ಎಂದುಬಿಟ್ಟೆ. ಅಂದ ಮೇಲೆ ಆ ಮಾತು ಕೋಣೆಯಲ್ಲೇ ನಿಂತಂತೆ ಇತ್ತು. ಅವ್ವ ತನ್ನ ಚೀಲಗಳಿದ್ದ ಅಡುಗೆಮನೆಗೆ ಹೋದಳು. ಅವಳ ಸೀರೆಗಳು ಚೀಲಕ್ಕೆ ಸೇರುವ ಸಪ್ಪಳ ಕೇಳಿಸಿತು. ರೇಣವ್ವ ಅಂದು ಪಾತ್ರೆಗಳನ್ನು ಎಷ್ಟು ಮೆಲ್ಲಗೆ ತೊಳೆದಳೆಂದರೆ ಒಂದು ಚಮಚವೂ ಸದ್ದು ಮಾಡಲಿಲ್ಲ.

ಅವ್ವ ಹೋಗಲಿಲ್ಲ. ಮಾತನ್ನು ಮಾತ್ರ ಬಿಟ್ಟಳು. ಎರಡು ದಿನ ಊಟ ತಂದಿಟ್ಟು ಹೋಗುವಳು, ಕೂಸಿಗೆ ಎಣ್ಣೆ ಹಚ್ಚುವಳು, ನನ್ನ ಕಡೆ ನೋಡುವುದಿಲ್ಲ. ಹದಿನೈದನೆಯ ದಿನ ಮಧ್ಯಾಹ್ನ ಎರಡಕ್ಕೆ ವೇಳಾಪಟ್ಟಿಯಂತೆ ಕೂಸನ್ನು ಎತ್ತಿಕೊಂಡೆ. ಅದು ಏಳಲಿಲ್ಲ. ಅಂಗಾಲು ತಿಕ್ಕಿದೆ, ಕೆನ್ನೆ ತಟ್ಟಿದೆ. ಅರೆಗಣ್ಣು ಬಿಟ್ಟು, ಒಮ್ಮೆ ತುಟಿ ಆಡಿಸಿ, ಮತ್ತೆ ನಿದ್ದೆ. ಎದೆಗೆ ಹಚ್ಚಿದರೆ ಬಾಯಿ ಹಿಡಿಯುತ್ತಿಲ್ಲ. "ಅವ್ವಾ" ಎಂದು ಕೂಗಿದೆ. ಅವ್ವ ಓಡಿ ಬಂದು ನೋಡಿದವಳೇ ತನ್ನ ಬೆರಳನ್ನು ಕೂಸಿನ ಬಾಯಿಯೊಳಗೆ ಹಾಕಿ ದವಡೆ ಮುಟ್ಟಿ ನೋಡಿದಳು. ತೆಗೆದಳು, ಮತ್ತೆ ಹಾಕಿದಳು. ಕೈಕಾಲು ಮಡಿಸಿ ನೋಡಿದಳು. ಯಾಕೆ ಹೀಗೆ ಮಾಡುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ರೇಣವ್ವ ಕೆಳಗೋಡಿ ರಿಕ್ಷಾ ನಿಲ್ಲಿಸಿದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ನಾನು ದವಾಖಾನೆಗೆ ಹೋದೆ. ಅವ್ವನ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ.

ಡಾಕ್ಟರಮ್ಮ ಗೋವೆಯವರೇ, ತಲೆ ನರೆತವರು. ಕೂಸನ್ನು ಬಿಚ್ಚಿ, ತಿರುಗಿಸಿ, ಅಂಗಾಲಿಗೆ ಬೆರಳಿನಿಂದ ಚುರುಕಾಗಿ ಹೊಡೆದರು. ಗೌರಿ ಕೊನೆಗೂ ಕಿಟಾರನೆ ಅತ್ತಳು. ಅಂಥ ಇಂಪಾದ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಹೆದರುವಂಥದ್ದಿಲ್ಲ, ಹೊಟ್ಟೆಗೆ ಸಾಲದೆ ಸುಸ್ತಾಗಿ ಮಲಗಿದ್ದಾಳೆ, ಬಂದದ್ದು ಒಳ್ಳೆಯದಾಯಿತು ಎಂದು ಅವರು ಹಿಂದಿಯಲ್ಲಿ ಹೇಳಿದರು. ನಾನು ಅವ್ವನಿಗೆ ಹೇಳಿದೆ. ಅವ್ವ ನಂಬಿದಂತೆ ಕಾಣಲಿಲ್ಲ.

"ಅವರಿಗೆ ಹೇಳು" ಎಂದಳು, ಎರಡು ದಿನದ ಮೇಲೆ ಮೊದಲ ಸಲ ನನ್ನೊಡನೆ ಮಾತಾಡುತ್ತ. "ನನ್ನ ಮೊದಲನೇ ಕೂಸೂ ಹಿಂಗ ಹಾಲು ಬಿಟ್ಟಿತ್ತು ಅಂತ ಹೇಳು."

"ಯಾವ ಮೊದಲನೇ ಕೂಸು? ಮೊದಲನೇಕಿ ನಾನ ಅಲ್ಲಾ?"

"ಅಲ್ಲ. ನೀ ಎರಡನೇಕಿ. ಮೊದಲ ಹೇಳು ಅವರಿಗೆ."

ನಾನು ಹೇಳಿದೆ. ಡಾಕ್ಟರಮ್ಮ ಕುರ್ಚಿಯನ್ನು ಅವ್ವನ ಹತ್ತಿರ ಎಳೆದುಕೊಂಡರು. ಹೀಗೆ ನನಗೊಬ್ಬ ಅಣ್ಣನಿದ್ದ ಎಂಬುದನ್ನು ಇಪ್ಪತ್ತೊಂಬತ್ತನೆಯ ವರ್ಷದಲ್ಲಿ, ಒಂದು ದವಾಖಾನೆಯಲ್ಲಿ, ಕನ್ನಡದಿಂದ ಹಿಂದಿಗೆ ಮಾಡಿ ಹೇಳುತ್ತ ತಿಳಿದುಕೊಂಡೆ. ಅಜ್ಜಿಯ ಊರಲ್ಲಿ, ಮನೆಯಲ್ಲೇ ಹುಟ್ಟಿದನಂತೆ. ದುಂಡಗಿದ್ದನಂತೆ. ಐದನೆಯ ದಿನ ಎಲ್ಲರೂ ಹೊಲಕ್ಕೆ ಹೋದಾಗ ಅವ್ವ ಬಾಯಾರಿಕೆ ತಾಳದೆ ಗಡಿಗೆಯ ತಣ್ಣೀರು ಒಂದು ತಂಬಿಗೆ ಕುಡಿದಳಂತೆ. ಏಳನೆಯ ದಿನ ಕೂಸು ಹಾಲು ಬಿಟ್ಟಿತು. ದವಡೆ ಬಿಗಿದು, ಮೈಯೆಲ್ಲ ಸೆಟೆದು, ಒಂಬತ್ತನೆಯ ದಿನ ಹೋಯಿತು. "ನೀರು ಕುಡದದ್ದು ನಾನ ಬಾಯಿಬಿಟ್ಟು ಹೇಳಿದೆ. ಓಣಿ ಮಂದಿಯೆಲ್ಲಾ ಕೂಸಿಗೆ ಥಂಡಿ ಹತ್ತಿಸಿ ಕೊಂದಳು ಅಂದ್ರು. ಹೆಸರಿಡೂಕಿಂತಾ ಮೊದಲ ಹೋತು. ಕರದ ಅಳಾಕ ಒಂದು ಹೆಸರೂ ಇರಲಿಲ್ಲ" ಎಂದಳು ಅವ್ವ. ಬಿಯರನ್ನು ಗಂಜಿ ಮಾಡಿದ್ದ ನಾನು ಅಂದು ಒಂದು ಶಬ್ದವನ್ನೂ ಬದಲಿಸಲಿಲ್ಲ. ಕೊನೆಯ ವಾಕ್ಯಕ್ಕೆ ನನ್ನ ಕಚೇರಿಯ ಹಿಂದಿ ಸಾಲದೆ ಎರಡು ಸಲ ತಡವರಿಸಿದೆ.

ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. ಹೊಕ್ಕುಳಬಳ್ಳಿಯನ್ನು ಯಾವುದರಿಂದ ಕೊಯ್ದರು?

"ಕುಡಗೋಲಲೆ" ಎಂದಳು ಅವ್ವ. "ಮ್ಯಾಲೆ ಬೂದಿ ಹಚ್ಚಿದ್ರು. ಆವಾಗ ಎಲ್ಲಾರೂ ಹಂಗ ಮಾಡತಿದ್ರು."

ನೀವು ಹೇಳುವುದನ್ನು ನೋಡಿದರೆ ಅದು ಧನುರ್ವಾಯು, ಒಳಗೆ ಹೋದದ್ದು ಆ ಗಾಯದಿಂದ ಎಂದರು ಅವರು. ಆಗ ಎಷ್ಟೋ ಕೂಸುಗಳು ಹಾಗೇ ಹೋಗುತ್ತಿದ್ದವು, ಈಗ ಬಸುರಿಗೇ ಸೂಜಿ ಕೊಡುತ್ತೇವೆ, ನಿಮ್ಮ ಮಗಳಿಗೂ ಕೊಟ್ಟಿದ್ದೇನೆ. ತಾಯಿ ನೀರು ಕುಡಿದದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬಾವಿಯನ್ನೇ ಕುಡಿದಿದ್ದರೂ ಏನೂ ಆಗುತ್ತಿರಲಿಲ್ಲ. ನಾನು ಹಾಗೇ ಕನ್ನಡಕ್ಕೆ ತಂದೆ. ಅವ್ವ, "ಇನ್ನೊಮ್ಮೆ ಕೇಳು" ಎಂದಳು. ಕೇಳಿದೆ. ಅದನ್ನೇ ಹೇಳಿದರು. "ಇನ್ನೊಮ್ಮೆ" ಎಂದಳು. ಈ ಸಲ ಡಾಕ್ಟರಮ್ಮ ನನ್ನ ಬಾಯಿಗೆ ಕಾಯಲಿಲ್ಲ. ಅವ್ವನ ಎರಡೂ ಕೈ ಹಿಡಿದು, ತಲೆ ಅಡ್ಡಡ್ಡ ಆಡಿಸುತ್ತ, ತಮ್ಮ ಕೊಂಕಣಿಯಲ್ಲೇ ನಿಧಾನವಾಗಿ, "ಉದಕ ನ್ಹಯ್" ಎಂದರು. ಅವ್ವನಿಗೆ ಉದಕ ಗೊತ್ತು. ಇನ್ನೊಂದು ಶಬ್ದ ಆ ತಲೆಯಾಡಿಸುವುದರಿಂದ ತಿಳಿಯಿತು. ಅವಳು ಸೆರಗನ್ನು ಬಾಯಿಗೆ ಹಚ್ಚಿಕೊಂಡು ಬಹಳ ಹೊತ್ತು ಕೂತಳು. ಹೊರಗೆ ಸರದಿಯಲ್ಲಿದ್ದ ಇಬ್ಬರು ಬಾಗಿಲು ತೆರೆದು ನೋಡಿ, ಮತ್ತೆ ಮುಚ್ಚಿದರು.

ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿ, ದಿನಕ್ಕೆ ಎಷ್ಟು ಸಲ ಹಾಲು ಕೊಡುತ್ತೀ ಎಂದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ವೇಳಾಪಟ್ಟಿಯ ವಿಷಯ ಹೇಳಿದೆ. ಪುಸ್ತಕದ ಹೆಸರನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದರ ನಂತರ ಅವರು ಹೇಳಿದ್ದನ್ನು ಪೂರ್ತಿ ಬರೆಯುವ ಧೈರ್ಯ ನನಗಿಲ್ಲ. ಒಟ್ಟು ಸಾರಾಂಶ ಇಷ್ಟು: ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು, ಅದು ನನ್ನ ಮೈಗೆ ಬೇಕು, ಆದರೆ ಕೂಸು ಸೊರಗಿದ್ದು ನೀರಿನಿಂದಲ್ಲ, ಗಡಿಯಾರದಿಂದ. ಅತ್ತಾಗಲೆಲ್ಲ ಕೊಡಬೇಕು, ಅಳದಿದ್ದರೆ ಎಬ್ಬಿಸಿ ಕೊಡಬೇಕು, ಕೊಟ್ಟಷ್ಟೂ ಹಾಲು ಬರುತ್ತದೆ. ಅವ್ವ ಕಣ್ಣೊರೆಸಿಕೊಂಡು, "ನಿನಗ ಏನಂದ್ರು" ಎಂದು ಕೇಳಿದಳು. ಇಲ್ಲಿ ಮಾತ್ರ ತರ್ಜುಮೆಯನ್ನು ಸ್ವಲ್ಪ ತಿದ್ದೋಣವೇ ಎನಿಸಿತು. ಸುಳ್ಳೇಕೆ, ಬಾಯಿಯವರೆಗೆ ಬಂದಿತ್ತು. "ನೀ ಹೇಳಿದ್ದ ಖರೇ ಅಂತವ್ವಾ. ಅತ್ತಾಗೆಲ್ಲಾ ಕೊಡಬೇಕಂತ. ತಪ್ಪು ನಂದು" ಎಂದೆ.

ಅವಳು ಗೆದ್ದೆ ಎಂದು ಮುಖ ಅರಳಿಸಬಹುದಿತ್ತು. "ಇಬ್ಬರೂ ಕೂಡಿ ಕೂಸಿಗೆ ಉಪವಾಸ ಕೆಡವಿದ್ವಿ ನೋಡು" ಎಂದಳು ಅಷ್ಟೇ.

ಮನೆಗೆ ಬಂದು ಅವ್ವ ಮಾಡಿದ ಮೊದಲ ಕೆಲಸ ಅಗ್ಗಿಷ್ಟಿಗೆಯನ್ನು ಬಾಲ್ಕನಿಗೆ ಒಯ್ದಿಟ್ಟದ್ದು. ಎರಡನೆಯದು, ಗಡಿಗೆಯಿಂದ ತಂಬಿಗೆ ತುಂಬಿಸಿ ನನ್ನ ಕೈಗೆ ಕೊಟ್ಟದ್ದು. ನಾನು ಕುಡಿಯುವವರೆಗೆ ಎದುರಿಗೆ ನಿಂತಿದ್ದಳು. ಆಮೇಲೆ ತಾನೂ ಒಂದು ಲೋಟ ತೆಗೆದುಕೊಂಡು ನನ್ನ ಪಕ್ಕದಲ್ಲಿ ಕೂತಳು. "ನಿನ್ನ ಬಾಣಂತನದಾಗ, ನಿನ್ನ ತಮ್ಮನ ಬಾಣಂತನದಾಗ ನನಗ ಯಾರೂ ಕಾವಲು ಇರಲಿಲ್ಲ. ನಾನ ಕುಡೀಲಿಲ್ಲ" ಎಂದಳು. ನಾನು ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿದೆ. ಅಣ್ಣ ಹೇಗಿದ್ದ ಎಂದು ಕೇಳಿದೆ. ಸಂಜೆ ನಮ್ಮ ಮನೆಯವರು ಬರುವವರೆಗೆ ಅವ್ವ ಹೇಳುತ್ತಲೇ ಇದ್ದಳು. ಒಂಬತ್ತು ದಿನ ಬದುಕಿದ ಕೂಸಿನ ಬಗ್ಗೆ ಹೇಳಲು ಅಷ್ಟೊಂದು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನದಿಂದ ನನ್ನ ಕಷ್ಟದ ಎರಡನೆಯ ಅಧ್ಯಾಯ. ಅವ್ವ ಯಾವುದನ್ನೂ ಅರ್ಧ ಮಾಡುವವಳಲ್ಲ. ತಾಸಿಗೊಂದು ದೊಡ್ಡ ಲೋಟ ನೀರು, ಕುಡಿದದ್ದನ್ನು ತೋರಿಸಬೇಕು. ಎಳನೀರು, ಮಜ್ಜಿಗೆ, ಮಾರಿಯಾ ಆಂಟಿಯ ಹೆಸರಿನಲ್ಲಿ ಜವೆಗೋಧಿ ಗಂಜಿ. ಕಳ್ಳತನದಿಂದ ಕುಡಿಯುತ್ತಿದ್ದವಳು ಈಗ ಕಳ್ಳತನದಿಂದ ಚೆಲ್ಲತೊಡಗಿದೆ. ಅದಕ್ಕೂ ರೇಣವ್ವನೇ ಸಹಾಯ. "ಗ್ವಾಡಿಗೆ ನೀರು ಭಾಳ ಆಗಾಕತ್ತೈತ್ರಿ ಅಮ್ಮಾರ" ಎಂದು ಒಮ್ಮೆ ಹೇಳಿಯೂ ನೋಡಿದಳು. ಗೌರಿ ಮಾತ್ರ ಮುಂದಿನ ತೂಕಕ್ಕೆ ಹೋದಾಗ ನರ್ಸು ಹುಬ್ಬೇರಿಸುವಷ್ಟು ತುಂಬಿಕೊಂಡಿದ್ದಳು.

ಎರಡು ತಿಂಗಳು ತುಂಬಿದ ಮೇಲೆ ಅವ್ವ ಊರಿಗೆ ಹೊರಟಳು. ಇಲ್ಲಿ ನಾನು ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು: ನಾನು ಆ ದಿನಕ್ಕಾಗಿ ಕಾದಿದ್ದೆ. ಪ್ರೀತಿ ಬೇರೆ, ಫ್ಯಾನು ಬೇರೆ. ನನ್ನ ಮನೆ, ನನ್ನ ಕೂಸು, ನನಗೆ ಬೇಕಾದಾಗ ಸ್ನಾನ, ಬೇಕಾದಾಗ ಒಗ್ಗರಣೆ ಅವಲಕ್ಕಿ ಎಂದೆಲ್ಲ ಮನಸ್ಸಿನಲ್ಲೇ ಯೋಜನೆ ಹಾಕಿದ್ದೆ. ಶನಿವಾರ ಬೆಳಿಗ್ಗೆ, ಮಳೆ ಜಿನುಗುತ್ತಿರುವಾಗ, ನಮ್ಮ ಮನೆಯವರು ಅವಳನ್ನು ಪಣಜಿಯ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು, ತೀರ ಅತ್ತೆನೆಂದು ಕಾಣದಂತೆ, ತೀರ ಅಳಲಿಲ್ಲವೆಂದೂ ಕಾಣದಂತೆ ಕೈ ಬೀಸಿದೆ. ಒಳಗೆ ಬಂದು ಫ್ಯಾನು ಹಾಕಿದೆ. ಐದು ನಿಮಿಷ ಸುಖವಾಗಿತ್ತು. ಆಗ ಗೌರಿ ಬಿಕ್ಕಳಿಸಿದಳು.

ಒಮ್ಮೆಯಲ್ಲ, ಬ್ಯಾಟರಿ ಹಾಕಿದ ಗೊಂಬೆಯ ಹಾಗೆ ಬಿಡದೆ ಬಿಕ್ಕಳಿಸಿದಳು. ಅವಳು ಹಿಂದೆಯೂ ಬಿಕ್ಕಳಿಸಿದ್ದಳು. ಆಗೆಲ್ಲ ಅವ್ವ ಬಂದು ಏನೋ ಮಾಡುತ್ತಿದ್ದಳು, ನಿಲ್ಲುತ್ತಿತ್ತು. ಏನು ಮಾಡುತ್ತಿದ್ದಳು ಎಂದು ನಾನು ನೋಡಿಕೊಂಡಿರಲೇ ಇಲ್ಲ. ಬೆನ್ನು ಸವರಿದೆ, ಹಾಲು ಕೊಟ್ಟೆ, ಪುಸ್ತಕ ತೆರೆದೆ. ಬಿಕ್ಕಳಿಕೆ ಯಾವ ಪುಟದಲ್ಲೂ ಇರಲಿಲ್ಲ. ಮನೆ ಇದ್ದಕ್ಕಿದ್ದಂತೆ ಬಹಳ ದೊಡ್ಡದಾಗಿ ಕಂಡಿತು. ಫೋನು ಎತ್ತಿ ನಮ್ಮ ಮನೆಯವರ ಮೊಬೈಲಿಗೆ ಹಚ್ಚಿ, "ಬಸ್ಸು ಹೋತೇನ್ರಿ" ಎಂದು ಕೇಳಿದೆ. "ಇಲ್ಲ, ಅತ್ತಿ ಹತ್ತಿ ಕೂತಾರ, ಇನ್ನ ಐದ ನಿಮಿಷ" ಎಂದರು. "ಇಳಿಸ್ಕೊಂಡು ಬರ್ರಿ" ಎಂದೆ.

ಮುಕ್ಕಾಲು ತಾಸಿನ ಮೇಲೆ ಅವ್ವ ಒದ್ದೆ ಸೆರಗಿನಲ್ಲಿ, ಚೀಲಗಳ ಸಮೇತ, ಉಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಳು. "ಏನಾತು" ಎಂದಳು. ಬಿಕ್ಕಳಿಕೆ ನಿಂತು ಅರ್ಧ ತಾಸಾಗಿತ್ತು. ಗೌರಿ ಕೈಕಾಲು ಚೆಲ್ಲಿ ಹಾಯಾಗಿ ಮಲಗಿದ್ದಳು. ನಾನು ವಿಷಯ ಹೇಳಿದೆ. ನಮ್ಮ ಮನೆಯವರು ಸಾಮಾನು ಕೆಳಗಿಡುವ ನೆಪದಲ್ಲಿ ಆಚೆ ಮುಖ ತಿರುಗಿಸಿಕೊಂಡರು. ಅವ್ವ ನನ್ನನ್ನೂ ಕೂಸನ್ನೂ ಒಂದೊಂದು ಸಲ ನೋಡಿ, ಸಿಟ್ಟು ಮಾಡದೆ, "ಹಂಗಾದ್ರ ನಾಳಿ ಬಸ್ಸಿಗೆ ಹೋಗ್ಲಾ" ಎಂದು ಕೇಳಿದಳು.

"ನಾಳಿ ಭಾನುವಾರ, ಬಸ್ಸಿನಾಗ ಭಾಳ ಗದ್ದಲ ಇರತೈತಿ" ಎಂದೆ.

ಸೋಮವಾರ ಮಳೆ ಜೋರಿತ್ತು. ಮಂಗಳವಾರ ದಿನ ಚೆನ್ನಾಗಿರಲಿಲ್ಲ. ಅವ್ವ ಇನ್ನೂ ತಿಂಗಳೊಪ್ಪತ್ತು ಇದ್ದಳು. ರಜೆ ಮುಗಿಸಿ ನಾನು ಕಚೇರಿಗೆ ಹಾಜರಾದಾಗ ಹೆಂಗಸರೆಲ್ಲ ಸುತ್ತುಗಟ್ಟಿ, ಇಷ್ಟು ದಿನ ತಾಯಿ ನಿಮ್ಮ ಹತ್ತಿರವೇ ಇದ್ದರಂತೆ, ಅವರ ಮನೆ ಹೇಗೆ ನಡೆಯಿತು ಪಾಪ ಎಂದು ವಿಚಾರಿಸಿದರು.

"ಏನು ಮಾಡೋದು ಹೇಳಿ" ಎಂದೆ ನಾನು ನಿಟ್ಟುಸಿರು ಬಿಟ್ಟು. "ಮಗಳನ್ನ ಬಿಟ್ಟು ಹೋಗೋದಕ್ಕೆ ಒಪ್ಪಲೇ ಇಲ್ಲ. ಈ ಹಳೇ ಕಾಲದವರೇ ಹಾಗೆ, ಬಹಳ ಹಚ್ಚಿಕೊಂಡುಬಿಡ್ತಾರೆ."